ಚೈನ್ ಮೋಟಾರು ಎಂದು ಹೇಳಿದವರು ಯಾರು

ಪಾಳ್ಯದ ರಾಜಶೇಖರನಿಗೆ ಸುಟ್ಟ ಮೋಟಾರಿನ ವಾಸನೆಯೆಂದರೆ ಹಬ್ಬದಡುಗೆಯ ವಾಸನೆ ಇದ್ದ ಹಾಗೆ. ಹೆದ್ದಾರಿ ಪಕ್ಕದಲ್ಲಿ ಮೋಟಾರಿಗೆ ಹೊಸ ತಂತಿ ಸುತ್ತುವ ಅವನ ಕೆಂಚಾಂಬ ರೀವೈಂಡಿಂಗ್ ಅಂಗಡಿಗೆ ಫೆಬ್ರವರಿ ಬಂತೆಂದರೆ ಸುಟ್ಟ ಮೋಟಾರುಗಳ ಮೆರವಣಿಗೆ. ಕಾಫಿ ಗಿಡ ಹೂ ಬಿಡಲೆಂದು ತೋಟದವರು ಸ್ಪ್ರಿಂಕ್ಲರ್ ಹಾಕುವ ಕಾಲ ಅದು. ಎಲ್ಲರೂ ಒಟ್ಟಿಗೇ ಪಂಪು ಓಡಿಸುತ್ತಾರೆ, ಕರೆಂಟು ಸೊರಗುತ್ತದೆ, ಮೋಟಾರು ಸುಡುತ್ತದೆ. ಜೀಪಿನಿಂದ ಮೋಟಾರು ಇಳಿಸುವ ಮೊದಲೇ ರಾಜಶೇಖರ ಮೂಗರಳಿಸಿ, ಇದು ವೋಲ್ಟೇಜಿಲ್ಲದೆ ಸುಟ್ಟಿದ್ದೋ, ಮಣ್ಣು ಸಿಕ್ಕಿ ತಿರುಗಲಾರದೆ ಸುಟ್ಟಿದ್ದೋ ಹೇಳಿಬಿಡುತ್ತಿದ್ದ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ತಪ್ಪಾದಾಗ, ಮೋಟಾರು ತಂದವನೇ ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಿದ್ದ.

ಇಂಥವನಿಗೆ ಒಂದೇ ಒಂದು ಕೊರಗು. ಆಲೂರು ತಾಲ್ಲೂಕಿಗೆಲ್ಲ ಗೊತ್ತಿದ್ದ ಅವನ ವಿದ್ಯೆ ಅವನ ಹೆಂಡತಿ ನೇತ್ರಾವತಿಗೆ ಮಾತ್ರ ಗೊತ್ತಿರಲಿಲ್ಲ. ಹಾಗೆಂದು ಅವನು ತಿಳಿದಿದ್ದ. ದಿನವೂ ಊಟಕ್ಕೆ ಕೂತಾಗ ಅವನು ಅವತ್ತು ಬಂದ ಮೋಟಾರುಗಳ ಜಾತಕ ಬಿಚ್ಚುತ್ತಿದ್ದ. ಯಾವ ತೋಟದ್ದು, ಯಾವ ಕಾಯಿಲ್ ಹೋಗಿದೆ, ಯಾರ ಅಜ್ಞಾನಕ್ಕೆ ಹೋಗಿದೆ, ಎಲ್ಲ. ಮುದ್ದೆ ಮುರಿಯುವುದನ್ನೂ ಮರೆತು ಬೆರಳಲ್ಲಿ ತಟ್ಟೆಯ ಮೇಲೆ ಸುತ್ತು ಬರೆದು ತೋರಿಸುತ್ತಿದ್ದ. "ತಿಳ್ಕ ನೇತ್ರ, ಸುತ್ತೋ ಮೋಟ್ರು ಸುಡಾಕಿಲ್ಲ. ಸುತ್ತಕ್ಕಾಗ್ದೆ ನಿಂತಲ್ಲೇ ಗುದ್ದಾಡ್ತದಲ್ಲ, ಅದು ಸುಡೋದು" ಎಂದು ಅವನು ಹೇಳದ ವಾರವಿರಲಿಲ್ಲ. ಅವಳು ಸೌಟು ಹಿಡಿದು ನಿಂತು, "ಸಾರು ಆರೋಗ್ತದೆ, ಉಣ್ಣಿ" ಎನ್ನುತ್ತಿದ್ದಳು. ಅಷ್ಟೇ. ಮದುವೆಯಾದಾಗಿನಿಂದ ಒಂದು ದಿನವಾದರೂ, ಮೋಟಾರಿನ ವಿಷಯದಲ್ಲಿ ನಿಮ್ಮನ್ನು ಬಿಟ್ಟರಿಲ್ಲ ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಎಸ್ಟೇಟಿನ ಸಾಹುಕಾರರು ಬೆನ್ನು ತಟ್ಟಿ ಹೊಗಳಿದರೂ ಅವನಿಗೆ ಅದೊಂದು ಮಾತಿನ ಹಸಿವು ಹಾಗೇ ಉಳಿದಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ನೇತ್ರಾವತಿ ಹುಲ್ಲೆಗುಡ್ಡದ ಅಂಗನವಾಡಿಯಲ್ಲಿ ಟೀಚರು. ಪಾಳ್ಯದಿಂದ ಹುಲ್ಲೆಗುಡ್ಡಕ್ಕೆ ಅರ್ಧ ದಾರಿ ಗದ್ದೆ ಬಯಲು, ಆಮೇಲೆ ಭೂತಮ್ಮನ ಗುಡಿಯ ಹತ್ತಿರ ಶುರುವಾಗುವ ಏರು. ಊರವರು ಅದನ್ನು ಭೂತಮ್ಮನ ಏರು ಎಂದೇ ಕರೆಯುವುದು. ಆ ಏರಿಗೆ ಹಾಲಿನ ವ್ಯಾನು ಕೂಡ ಒಂದನೇ ಗೇರಿನಲ್ಲಿ ನರಳಿಕೊಂಡು ಹತ್ತುತ್ತದೆ. ಬಸ್ಸಿನ ಹೊತ್ತಿಗೂ ಅಂಗನವಾಡಿಯ ಹೊತ್ತಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಹಾಗಾಗಿ ಅವಳಿಗೆ ನಡಿಗೆಯೇ ಗತಿ. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಸಕಲೇಶಪುರದಲ್ಲಿ ಬ್ಯಾಟರಿ ಬೈಕಿನ ಅಂಗಡಿ ತೆರೆದಿದ್ದಾರೆ, ಅದಕ್ಕೆ ಲೈಸೆನ್ಸು ಬೇಡ, ಪೆಟ್ರೋಲು ಬೇಡ, ರಾತ್ರಿ ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದರೆ ಸಾಕು ಎಂಬ ಸುದ್ದಿ ಬಂದಾಗ ಅವಳ ಕಣ್ಣು ಅರಳಿತು. ರಾಜಶೇಖರನೂ ಹಿಗ್ಗಿದ. ಕರೆಂಟಿನ ಗಾಡಿ ಅಂದರೆ ಮೋಟಾರಿನ ಗಾಡಿ. ಇನ್ನಾದರೂ ಹೆಂಡತಿ ತನ್ನನ್ನು ಏನಾದರೂ ಕೇಳಲೇಬೇಕು!

ಆದರೆ ಅದು ಸ್ಪ್ರಿಂಕ್ಲರ್ ಕಾಲ. ಅಂಗಡಿ ತುಂಬ ಸುಟ್ಟ ಮೋಟಾರು. "ನೀವಿಬ್ರೂ ಹೋಗಿ ನೋಡ್ಕಂಬನ್ನಿ. ಯಾವುದು ಅಂತ ನಾನು ಹೇಳ್ತೀನಿ" ಎಂದು ಹೆಂಡತಿಯನ್ನೂ ತಾಯಿ ಸುಲೋಚನಮ್ಮನನ್ನೂ ಬಸ್ಸು ಹತ್ತಿಸಿದ. ಅದೇ ತಪ್ಪಾಯಿತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಸಂಜೆ ಇಬ್ಬರೂ ಬಂದರು. ಸುಲೋಚನಮ್ಮ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟರು.

"ರಾಜ, ಆ ಅಂಗ್ಡಿಯವ್ನು ಯಾರು ಗೊತ್ತೇನೋ? ನಮ್ ನೇತ್ರನ್ನ ನೋಡಕ್ಕೆ ಮಗ್ಗೆಗೆ ಹೋಗಿದ್ನಂತಲ್ಲ, ಆ ಯೋಗಾನಂದ ಕಣೋ! 'ನೀವು ಮಗ್ಗೆ ಮಹಾದೇವಯ್ಯನವ್ರ ಮಗಳಲ್ವಾ' ಅಂತ ಅವ್ನೇ ಗುರ್ತು ಹಿಡ್ದ. ಎಷ್ಟು ಚೆಂದ ಮಾತಾಡ್ತಾನೆ ಅಂತೀಯ. ಬಾದಾಮಿ ಹಾಲು ತರ್ಸಿ ಕೊಟ್ಟ. ಸ್ಟ್ರಾ ಹಾಕಿ!"

ಮಗ್ಗೆಯ ಮಾವನ ಮನೆಗೆ ತನಗಿಂತ ಮೊದಲು ಸಕಲೇಶಪುರದ ಕಡೆಯ ಗಂಡೊಂದು ಬಂದು, ಕೇಸರಿಬಾತು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಎಂದು ಹೋಗಿತ್ತೆಂಬುದು ರಾಜಶೇಖರನಿಗೆ ಗೊತ್ತಿತ್ತು. ಸಾಲಾವಳಿ ಕೂಡಿಬರಲಿಲ್ಲವೆಂದು ಆ ಸಂಬಂಧ ನಿಂತಿತ್ತು. ನಮ್ಮ ಕಡೆ ಯಾವ ಹುಡುಗಿಯನ್ನು ನಾಲ್ಕು ಗಂಡುಗಳು ನೋಡಿ ಹೋಗಿಲ್ಲ? ಅದನ್ನು ಅವನು ಇಷ್ಟು ದಿನ ತಲೆಗೇ ಹಚ್ಚಿಕೊಂಡಿರಲಿಲ್ಲ. ಈಗ ಆ ಗಂಡಿಗೆ ಹೆಸರು ಬಂತು, ಅಂಗಡಿ ಬಂತು, ಬಾದಾಮಿ ಹಾಲೂ ಬಂತು. ಜಾತಕ ಕೂಡಿದ್ದರೆ ಅವಳು ಇವತ್ತು ಆ ಅಂಗಡಿಯ ಯಜಮಾನತಿ ಎಂಬ ಯೋಚನೆ ಎಲ್ಲಿಂದಲೋ ಬಂದು ಎದೆಯ ಮೇಲೆ ಕುಕ್ಕರಿಸಿತು.

"ನೀನೂ ಕುಡುದ್ಯಾ?" ಎಂದು ಹೆಂಡತಿಯನ್ನು ಕೇಳಿದ.

"ಏನನ್ನ?"

"ಬಾದಾಮಿ ಹಾಲು."

"ಬಾಯಾರಿತ್ತು. ಕುಡುದೆ." ನೇತ್ರಾವತಿಗೆ ನಗು ಬಂತು. ಅವನಿಗೆ ಬರಲಿಲ್ಲ.

"ಏನ್ ಮಾತಾಡಿದ್ರಿ ಅಷ್ಟೊತ್ತು?"

"ಮೋಟ್ರು ವಿಷಯಾನೇ" ಎಂದು ಸುಲೋಚನಮ್ಮನೇ ಉತ್ತರ ಕೊಟ್ಟರು. "ನಂಗೆ ಅದೆಲ್ಲ ಎಲ್ಲಿ ತಿಳೀಬೇಕು? ನಾನು ಪಕ್ಕದಂಗ್ಡಿಗೆ ಹೋಗಿ ಬಳೆ ತೊಟ್ಕಂಡು ಬಂದೆ. ಬರೋವರ್ಗೂ ಇಬ್ರೂ ಮಾತಾಡ್ತಾನೇ ಇದ್ರು." ಹಾಗೆಂದು ಎರಡೂ ಕೈ ಚಾಚಿ ಹಸಿರು ಗಾಜಿನ ಬಳೆ ತೋರಿಸಿದರು. ಆ ತಾಯಿಗೆ ಮಗನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದರ ಸುಳಿವೇ ಇರಲಿಲ್ಲ. ಇದ್ದಿದ್ದರೂ ಅವರು ಸುಮ್ಮನಿರುವ ಜೀವವಲ್ಲ. ಎರಡು ಕೈಗೂ ಬಳೆ ತೊಡಿಸಲು ಬಳೆಗಾರನಿಗೆ ಎಷ್ಟು ಹೊತ್ತು ಬೇಕು ಎಂದು ರಾಜಶೇಖರ ಲೆಕ್ಕ ಹಾಕತೊಡಗಿದ. ಅದರಲ್ಲೂ ತಾಯಿಯ ಕೈ ಗಡುಸು. ಆ ದಿನದಿಂದ ಅಡುಗೆಮನೆಯಲ್ಲಿ ಆ ಬಳೆ ಗಲಗಲ ಎಂದಾಗಲೆಲ್ಲ ಅವನಿಗೆ ಆ ಮಾತುಕತೆಯೇ ನೆನಪಾಗುತ್ತಿತ್ತು.

ನೇತ್ರಾವತಿ ಮಾತ್ರ ಉತ್ಸಾಹದಲ್ಲಿದ್ದಳು. ಬ್ಯಾಗು ಮೊಳೆಗೆ ತಗುಲಿಸಿ ಬಂದು ಅವನ ಎದುರೇ ಕೂತಳು.

"ಎರಡು ಥರ ಐತೆ ಕಣ್ರೀ. ಒಂದ್ರಲ್ಲಿ ಮೋಟ್ರು ಹಿಂದ್ಗಡೆ ಚಕ್ರದೊಳಗೇ ಕೂತಿರ್ತದೆ. ಸದ್ದೇ ಇಲ್ಲ. ಇನ್ನೊಂದ್ರಲ್ಲಿ ಮೋಟ್ರು ಕಾಲಿಡೋ ಜಾಗದ ಕೆಳಗೆ, ಅಲ್ಲಿಂದ ಚಕ್ರಕ್ಕೆ ಸೈಕಲ್ ಥರ ಚೈನು. ನಂಗೆ ಚೈನಿಂದೇ ಸರಿ ಅನ್ಸುತ್ತೆ. ಯಾಕಂದ್ರೆ..."

"ನಿಂಗನ್ಸುತ್ತಾ, ಅವ್ನಿಗನ್ಸುತ್ತಾ?"

ನೇತ್ರಾವತಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. "ಯಾರಿಗನ್ಸಿದ್ರೇನು? ಸರಿ ಇದ್ರೆ ಸಾಲ್ದಾ?" ಎಂದು ಎದ್ದು ಒಳಗೆ ಹೋದಳು.

ಸ್ವಾಭಿಮಾನವಿರುವ ಯಾವ ಹೆಂಗಸಾದರೂ ಆ ಪ್ರಶ್ನೆಗೆ ಅದೇ ಉತ್ತರ ಕೊಡುತ್ತಿದ್ದಳು. ರಾಜಶೇಖರನಿಗೆ ಮಾತ್ರ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಅಂದರೆ ಅವನೇ ಹೇಳಿಕೊಟ್ಟಿದ್ದಾನೆ! ಇಷ್ಟು ವರ್ಷ ತಾನು ಬಡಬಡಿಸಿದ್ದು ಗೋಡೆಗೆ ಹೇಳಿದ ಹಾಗಾಯಿತು, ಅವನು ಒಂದು ಮಧ್ಯಾಹ್ನ ಹೇಳಿದ್ದು ಮಾತ್ರ ಇವಳ ತಲೆಗೆ ಹೋಗಿದೆ. ಬಾದಾಮಿ ಹಾಲು ಮಾರಬೇಕಾದವನು ಮೋಟಾರಿನ ಬಗ್ಗೆ ಪಾಠ ಹೇಳುತ್ತಾನೆ, ತನ್ನ ಹೆಂಡತಿ ಕೇಳಿಕೊಂಡು ಬರುತ್ತಾಳೆ. ಅಸೂಯೆಗೆ ಕಣ್ಣಿಲ್ಲ ಎನ್ನುತ್ತಾರೆ, ಅವನಿಗೆ ಆ ಹೊತ್ತಿನಲ್ಲಿ ಕಿವಿಯೂ ಇರಲಿಲ್ಲ. 'ಯಾಕಂದ್ರೆ' ಎಂದಳಲ್ಲ, ಆ ಯಾಕೆ ಏನೆಂದು ಕೇಳಬೇಕೆಂದೇ ಹೊಳೆಯಲಿಲ್ಲ.

ಚೈನಿನದು ಬೇಡ ಎಂದು ಅವನು ಆಗಲೇ ನಿರ್ಧರಿಸಿಬಿಟ್ಟ. ಇನ್ನು ಅದಕ್ಕೊಂದು ಕಾರಣ ಬೇಕಾಗಿತ್ತು. ಕಾರಣವನ್ನು ಮರುದಿನ ಗಿಡ್ಡಯ್ಯ ಹೊತ್ತು ತಂದ.

ಗಿಡ್ಡಯ್ಯ ಹುಲ್ಲೆಗುಡ್ಡದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಸುಟ್ಟ ಮೋಟಾರನ್ನು ಟ್ರ್ಯಾಕ್ಟರಿನಿಂದ ಇಳಿಸುತ್ತ, "ರಾಜಣ್ಣ, ಇದೊಂದೇ ಹಳೇ ಬೆಲ್ಟ್ ಪಂಪು ಉಳ್ಕಂಡಿದ್ದು. ಬೆಲ್ಟ್ ಜಾರದು, ಹರಿಯದು, ಸಾಕಾಗ್ಬುಟ್ಟೈತೆ ಮಾರಾಯ. ಇದ್ನೂ ಬಿಸಾಕಿ ಮೋನೋಬ್ಲಾಕ್ ಹಾಕ್ಬುಡಿ ಅಂದವ್ರೆ ಸಾಹುಕಾರ್ರು" ಎಂದ.

ಮೋಟಾರು ಒಂದು ಕಡೆ, ಪಂಪು ಒಂದು ಕಡೆ, ನಡುವೆ ಬೆಲ್ಟು, ಇದು ಹಿಂದಿನವರ ಕಾಲದ್ದು. ಮೋಟಾರೂ ಪಂಪೂ ಒಂದೇ ಮೈಯಲ್ಲಿ ಕೂಡಿಕೊಂಡಿರುವ ಮೋನೋಬ್ಲಾಕ್ ಬಂದ ಮೇಲೆ ಆಲೂರು ಸಕಲೇಶಪುರದ ತೋಟಗಳಲ್ಲೆಲ್ಲ ಬೆಲ್ಟ್ ಪಂಪು ಗುಜರಿಗೆ ಹೋಯಿತು. ಅದೇ ಒಳ್ಳೆಯದೆಂಬುದರಲ್ಲಿ ನಮ್ಮ ಕಡೆ ಎರಡು ಮಾತಿಲ್ಲ. ರಾಜಶೇಖರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಚಕ್ರದೊಳಗಿನ ಮೋಟಾರು ಎಂದರೆ ಮೋನೋಬ್ಲಾಕೇ ಅಲ್ಲವೇ? ಚೈನಿನದು ಎಂದರೆ ಬೆಲ್ಟ್ ಪಂಪು!

ಅವನ ಒಳಗಿನ ಮೋಟಾರಿನವನು ಆಗಲೇ ಒಂದು ಸಲ ಗೊಣಗಿದ. ಪಂಪು ಯಾವಾಗಲೂ ಒಂದೇ ವೇಗದಲ್ಲಿ ಸುತ್ತುತ್ತದೆ, ಗಾಡಿಯ ಚಕ್ರ ಏರಿನಲ್ಲಿ ನಿಧಾನವಾಗುತ್ತದೆ, ಚಕ್ರ ನಿಧಾನವಾದರೆ ಅದರೊಳಗಿನ ಮೋಟಾರೂ ನಿಧಾನವಾಗಿ ಗುದ್ದಾಡಬೇಕಾಗುತ್ತದೆ ಎಂದ. ರಾಜಶೇಖರ ಅವನ ಬಾಯಿ ಮುಚ್ಚಿಸಿದ. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ತನಗೇ ಬೇಕಾದಾಗ ಹೀಗೆ ಕೈಕೊಡುವುದು ಹೊಸದೇನಲ್ಲ.

ಊಟದ ಹೊತ್ತಿಗೆ ತೀರ್ಪು ಹೊರಬಿತ್ತು. "ಚಕ್ರದ ಮೋಟ್ರಿಂದು ತರ್ತೀನಿ. ಚೈನು ಪೈನು ಎಲ್ಲ ಹಳೇ ಕಾಲದ್ದು. ಈಗ ಯಾರು ಬೆಲ್ಟ್ ಪಂಪು ಹಾಕ್ತಾರೆ ಹೇಳು?"

"ಭೂತಮ್ಮನ ಏರು ಐತಲ್ರೀ" ಎಂದಳು ನೇತ್ರಾವತಿ ಮೆಲ್ಲಗೆ.

"ಏರು ನಂಗೆ ಕಲಿಸ್ತೀಯಾ? ಹೊಳೆಯಿಂದ ಗುಡ್ಡದ್ ಮೇಲಿನ ತೊಟ್ಟಿಗೆ ನೀರು ಹತ್ತಿಸೋದು ಯಾವ್ದು? ಮೋನೋಬ್ಲಾಕ್ ತಾನೇ? ಅಷ್ಟು ನೀರನ್ನೇ ಹತ್ತಿಸೋ ಮೋಟ್ರು ನಿನ್ನ ಹತ್ತಿಸಲ್ವಾ?"

ಸುಲೋಚನಮ್ಮನಿಗೆ ಈ ಮಾತು ಬಹಳ ಸರಿಯೆನಿಸಿ, "ಹೌದು ಕಣೆ, ಅಷ್ಟು ಭಾರದ ನೀರು!" ಎಂದರು. ನೇತ್ರಾವತಿ ತಟ್ಟೆಗೆ ಸಾರು ಬಡಿಸಿ ಹೋದಳು.

ಗಾಡಿ ತರಲು ಈ ಸಲ ರಾಜಶೇಖರನೇ ಹೋದ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಯೋಗಾನಂದ ಅವನು ಊಹಿಸಿದ್ದಕ್ಕಿಂತ ಬೆಳ್ಳಗಿದ್ದ. ತಲೆ ತುಂಬ ಕೂದಲಿತ್ತು. ರಾಜಶೇಖರನಿಗೆ ಮುಂದಲೆ ಆಗಲೇ ಖಾಲಿಯಾಗತೊಡಗಿತ್ತು. ಆ ಕೂದಲು ನೋಡಿದ್ದೇ ಅವನ ಕೈ ತಾನಾಗಿ ಮುಂದಲೆಗೆ ಹೋಯಿತು.

"ಬನ್ನಿ ಬನ್ನಿ ಸಾರ್! ಪಾಳ್ಯದ ವೈಂಡಿಂಗ್ ರಾಜಶೇಖರ್ ಅಲ್ವಾ? ನಿಮ್ಮ ಬಗ್ಗೆ ಮೇಡಂ ಹೇಳಿದ್ರು. ಕೂತ್ಕಳಿ, ಬಾದಾಮಿ ಹಾಲು ತರಿಸ್ತೀನಿ."

"ಬೇಡ. ನಂಗೆ ಹಾಲು ಆಗಿಬರಲ್ಲ" ಎಂದ ರಾಜಶೇಖರ. ಹುಟ್ಟಿದಾಗಿನಿಂದ ಅವನಿಗೆ ಹಾಲು ಆಗಿಬರದೆ ಇದ್ದದ್ದು ಅದೊಂದೇ ದಿನ. "ಚಕ್ರದೊಳಗಿನ ಮೋಟ್ರಿಂದು ಕೊಡಿ."

ಯೋಗಾನಂದ ಹುಬ್ಬೇರಿಸಿದ. "ಚಕ್ರದ್ದಾ? ಮೇಡಂ ಒಪ್ಪಿದ್ರಾ ಸಾರ್?"

ಮೇಡಂ ಒಪ್ಪಿದ್ರಾ! ತನ್ನ ಹೆಂಡತಿ ಏನು ಒಪ್ಪುತ್ತಾಳೆ, ಏನು ಒಪ್ಪುವುದಿಲ್ಲ ಎಂಬ ಚಿಂತೆ ಇವನಿಗೆ ಯಾಕೆ? "ಮನೇಲಿ ಮೋಟ್ರು ವಿಷಯ ನಂದು" ಎಂದ ರಾಜಶೇಖರ. ಯೋಗಾನಂದನ ಮುಖದಲ್ಲಿ ಮೂಡಿದ ಗೊಂದಲವನ್ನು ಸೋಲೆಂದು ಓದಿಕೊಂಡು, ಒಳಗೊಳಗೇ ಕುಣಿದ. ಗಾಡಿಯನ್ನು ಟೆಂಪೋಗೆ ಹಾಕಿಸಿಕೊಂಡು ಬರುವಾಗ ಬಾಳ್ಳುಪೇಟೆ ದಾಟುವವರೆಗೂ ಅವನ ಮೀಸೆಯ ತುದಿಯಲ್ಲಿ ನಗು ಇತ್ತು.

ಗದ್ದೆ ಬಯಲಿನಲ್ಲಿ ಗಾಡಿ ನಿಜಕ್ಕೂ ಚೆನ್ನಾಗಿಯೇ ಓಡಿತು. ಸದ್ದೇ ಇಲ್ಲ. ಎದುರಿಗೆ ಬರುವ ಎಮ್ಮೆಗಳು ಹಾರ್ನು ಹೊಡೆಯುವವರೆಗೂ ತಿರುಗಿ ನೋಡುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇತ್ರಾವತಿ ಹೊರಟರೆ ಪಾಳ್ಯದ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ರಾಜಶೇಖರ ಅಂಗಡಿಯ ಮುಂದೆ ನಿಂತು, "ನಾನೇ ಸೆಲೆಕ್ಟ್ ಮಾಡಿದ್ದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಯೋಗಾನಂದ ಅಂಗಡಿಗೆ ಫೋನು ಮಾಡಿ, "ಗಾಡಿ ಹೆಂಗೈತೆ ಸಾರ್? ಫ್ರೀ ಸರ್ವೀಸಿಗೆ ಮೇಡಂನ ಕಳ್ಸಿ" ಎಂದಾಗ, "ಸರ್ವೀಸು ನಾನೇ ಮಾಡ್ಕತೀನಿ" ಎಂದು ರಿಸೀವರ್ ಕುಕ್ಕಿದ. ಮೇಡಂನ ಕಳಿಸಬೇಕಂತೆ!

ಆದರೆ ನೇತ್ರಾವತಿ ಬರಬರುತ್ತ ಗಾಡಿಯ ಮಾತು ಕಮ್ಮಿ ಮಾಡಿದಳು. ಒಂದು ಸಂಜೆ ತಾನಾಗಿ ಹೇಳಿದಳು.

"ಏರಲ್ಲಿ ತುಂಬ ಕಷ್ಟ ಪಡ್ತೈತೆ ಕಣ್ರೀ. ಮೇಲೆ ಹೋಗಿ ಮುಟ್ಟಿದ್ರೆ ಚಕ್ರದ ನಡುವೆ ಕೈ ಇಡಕ್ಕಾಗಲ್ಲ. ಅರ್ಧಕ್ಕೆ ಇಳ್ದು ತಳ್ಕಂಡು ಹೋಗ್ತಿದೀನಿ."

ಬೇರೆ ಯಾರೇ ಬಂದು ಈ ಮಾತು ಹೇಳಿದ್ದರೂ ರಾಜಶೇಖರ ಮೊದಲು ಗಾಡಿ ನಿಲ್ಲಿಸಿ ಎನ್ನುತ್ತಿದ್ದ. ಕೈ ಇಡಲಾಗದಷ್ಟು ಬಿಸಿಯೆಂದರೆ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಅವನಿಗೆ ಕೇಳಿಸಿದ್ದು ಬೇರೆ. ಚೈನಿನದು ತಂದಿದ್ದರೆ ಚೆನ್ನಾಗಿತ್ತು, ಯೋಗಾನಂದ ಹೇಳಿದ್ದೇ ಸರಿ. ಅವಳ ಮಾತಿನ ಹಿಂದೆ ಅದೇ ಇದೆಯೆಂದು ಅವನು ಆಣೆ ಮಾಡಿ ಹೇಳಬಲ್ಲವನಾಗಿದ್ದ.

"ಓಡ್ಸಕ್ಕೆ ಬರಾಕಿಲ್ಲ ಅನ್ನು. ಒಂದೇ ಸಮ ಓಡ್ಸಬೇಕು. ಮೋಟ್ರು ಅಂದ್ಮೇಲೆ ಬಿಸಿ ಆಗದೇ ತಣ್ಣಗಿರ್ತದಾ? ತಣ್ಣಗಿರಕ್ಕೆ ಅದೇನು ಬಾದಾಮಿ ಹಾಲಾ?"

ನೇತ್ರಾವತಿ ಅವನನ್ನೇ ನೋಡಿದಳು. ಈ ಸಲ ನಗು ಬರಲಿಲ್ಲ. ಗಂಡನ ತಲೆಯೊಳಗೆ ಇಷ್ಟು ದಿನದಿಂದ ಏನು ಸುತ್ತುತ್ತಿದೆ ಎಂಬುದು ಅವಳಿಗೆ ಅವತ್ತು ಪೂರ್ತಿ ತಿಳಿಯಿತು. ತಿಳಿದ ಮೇಲೆ ಅವಳು ಗಾಡಿಯ ಬಗ್ಗೆ ಮತ್ತೆ ಬಾಯಿ ಬಿಡಲಿಲ್ಲ.

ಅಂಗನವಾಡಿ ಮಕ್ಕಳಿಗೆ ಕೊಡುವ ಹಿಟ್ಟಿನ ಚೀಲ ಪಾಳ್ಯಕ್ಕೆ ಬಂದಿಳಿಯಿತು. ಅದನ್ನು ಹುಲ್ಲೆಗುಡ್ಡಕ್ಕೆ ಸಾಗಿಸುವುದು ಟೀಚರ ಕೆಲಸ. ನೇತ್ರಾವತಿ ಟ್ರ್ಯಾಕ್ಟರ್ ಸಿಗುವವರೆಗೆ ಕಾಯೋಣ ಎಂದಳು. ರಾಜಶೇಖರ ತಾನೇ ಚೀಲ ಎತ್ತಿ ಗಾಡಿಯ ಮುಂದಿನ ಜಾಗದಲ್ಲಿಟ್ಟ. ನಾಲ್ಕು ಜನ ಅಂಗಡಿ ಮುಂದೆ ನೋಡುತ್ತಿದ್ದರು. "ಹೋಗು, ಏನೂ ಆಗಲ್ಲ" ಎಂದ.

ಮಧ್ಯಾಹ್ನದ ಹೊತ್ತಿಗೆ ಗಿಡ್ಡಯ್ಯನ ಟ್ರ್ಯಾಕ್ಟರ್ ಬಂದು ಅಂಗಡಿಯ ಮುಂದೆ ನಿಂತಿತು. ಟ್ರೈಲರ್ ಮೇಲೆ ಹಗ್ಗ ಬಿಗಿದ ಬ್ಯಾಟರಿ ಬೈಕು. ಹಗ್ಗ ಬಿಚ್ಚುವ ಮೊದಲೇ ಆ ವಾಸನೆ ರಾಜಶೇಖರನ ಮೂಗಿಗೆ ಬಡಿಯಿತು. ಬೆಂದ ವಾರ್ನಿಶ್ಶು, ಕರಗಿದ ತಂತಿ. ಅವನು ಮೂಗರಳಿಸಲಿಲ್ಲ, ಇದು ಯಾಕೆ ಸುಟ್ಟಿತೆಂದು ಯಾರಿಗೂ ಹೇಳಲಿಲ್ಲ. ಸುತ್ತಲಾರದೆ ನಿಂತಲ್ಲೇ ಗುದ್ದಾಡಿ ಸತ್ತ ಮೋಟಾರು ಅದು. ಹಬ್ಬದಡುಗೆಯ ವಾಸನೆ ಮೊದಲ ಸಲ ಅವನಿಗೆ ವಾಕರಿಕೆ ತರಿಸಿತು.

"ಟೀಚರಮ್ಮ ಭೂತಮ್ಮನ ಗುಡಿಯಿಂದ ಮ್ಯಾಲಕ್ಕೆ ಹಿಟ್ಟಿನ ಚೀಲ ತಲೆ ಮ್ಯಾಲೆ ಹೊತ್ಕಂಡು ಹೋದ್ರು ಕಣಣ್ಣ" ಎಂದ ಗಿಡ್ಡಯ್ಯ. "ಟ್ರ್ಯಾಕ್ಟರ್ ಹತ್ತಿ ಬನ್ನಿ ಅಂದ್ರೆ ಕೇಳ್ನಿಲ್ಲ. ಗಾಡಿ ಮಾತ್ರ ನಮ್ಮನೆಯವ್ರಿಗೆ ತಲುಪಿಸ್ಬುಡಿ ಅಂದ್ರು."

ರಾಜಶೇಖರನಿಗೆ ಮುಖವೆಲ್ಲ ಬಿಸಿಯಾಯಿತು. ನಾಚಿಕೆಯೇನೋ ಆಗಿತ್ತು. ಆದರೆ ನಾಚಿಕೆಯನ್ನು ಹೊರುವುದು ಕಷ್ಟ, ಸಿಟ್ಟನ್ನು ಹೊರುವುದು ಸುಲಭ. ಯೋಗಾನಂದ ಬೇಕೆಂದೇ ಕೊಳೆತ ಗಾಡಿ ಕೊಟ್ಟಿದ್ದಾನೆ. ತನ್ನ ಮಾತು ಮೀರಿ ಚಕ್ರದ ಮೋಟಾರು ತೆಗೆದುಕೊಂಡರಲ್ಲ, ಅನುಭವಿಸಲಿ ಎಂದು. ಹೆಂಡತಿಯ ಮುಂದೆ ತನ್ನ ಮರ್ಯಾದೆ ಕಳೆಯಲಿ ಎಂದು. ಹೀಗೆ ಅಂದುಕೊಂಡ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ. ಅಂಗಡಿಯ ಬಾಗಿಲೆಳೆದು, ಕೈಯ ಗ್ರೀಸು ಕೂಡ ಒರೆಸಿಕೊಳ್ಳದೆ ಸಕಲೇಶಪುರದ ಬಸ್ಸು ಹತ್ತಿದ.

ಯೋಗಾನಂದನ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ರಾಜಶೇಖರ ಬಾಗಿಲಲ್ಲೇ ಕೂಗಿದ.

"ಏನ್ರೀ, ಎಂಥಾ ಗಾಡಿ ಕಟ್ಟಿ ಕಳಿಸಿದ್ರಿ ನಂಗೆ? ಸುಟ್ಟು ಬೂದಿಯಾಗೈತೆ. ನಿಮ್ಮ ಮಾತು ಕೇಳಿ ಚೈನಿಂದು ತಗಳ್ಳಿಲ್ಲ ಅಂತ ತಾನೇ ಈ ಕೆಲ್ಸ ಮಾಡಿದ್ದು?"

ಯೋಗಾನಂದ ಎದ್ದು ನಿಂತ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾದ ಹಾಗಿತ್ತು.

"ನನ್ ಮಾತಾ? ನಾನು ಯಾವಾಗ ಸಾರ್ ಚೈನಿಂದು ಅಂದೆ? ನಾನು ಅವತ್ತು ಗಂಟ್ಲು ಹರ್ಕಂಡು ಹೇಳಿದ್ದು ಚಕ್ರದ ಮೋಟ್ರೇ ತಗಳಿ ಅಂತ. ಬರೋರಿಗೆಲ್ಲ ನಾನು ಅದ್ನೇ ಹೇಳೋದು, ಸದ್ದಿಲ್ಲ, ಚೆಂದ ಐತೆ ಅಂತ. ನಿಮ್ಮ ಮನೆಯವ್ರೇ ಒಪ್ಪಲಿಲ್ಲ."

ರಾಜಶೇಖರ ಬಾಗಿಲ ಚೌಕಟ್ಟು ಹಿಡಿದುಕೊಂಡ.

"'ನಮ್ಮನೆಯವ್ರು ಹೇಳ್ತಾರೆ' ಅಂದ್ರು ಸಾರ್. 'ಸುತ್ತೋ ಮೋಟ್ರು ಸುಡಲ್ಲ, ಸುತ್ತಕ್ಕಾಗ್ದೆ ಗುದ್ದಾಡೋದು ಸುಡ್ತದೆ. ನಮ್ಮ ಭೂತಮ್ಮನ ಏರಲ್ಲಿ ಚಕ್ರ ಮೆಲ್ಲಗೆ ಸುತ್ತುತ್ತೆ, ಒಳಗಿರೋ ಮೋಟ್ರು ಗುದ್ದಾಡ್ತದೆ. ಚೈನಿಂದಾದ್ರೆ ಮೋಟ್ರು ಕಡೆ ಹಲ್ಲುಚಕ್ರ ಸಣ್ಣದು, ಗಾಡಿ ಚಕ್ರದ ಕಡೆ ದೊಡ್ಡದು, ಚಕ್ರ ಮೆಲ್ಲಗೆ ಹೋದ್ರೂ ಮೋಟ್ರು ಜೋರಾಗೇ ಸುತ್ಕಂಡಿರ್ತದೆ' ಅಂದ್ರು. ನಂಗೆ ತಲೆ ಕೆಟ್ಟೋಯ್ತು. ಮೇಡಂ, ನೀವು ಐಟಿಐ ಮಾಡಿದೀರಾ ಅಂತ ಕೇಳ್ದೆ. 'ಇಲ್ಲ, ನಮ್ಮನೇಲಿ ದಿನಾ ಊಟಕ್ಕೆ ಕೂತಾಗ ಪಾಠ ಆಗ್ತದೆ. ಮೋಟ್ರು ವಿಷಯದಲ್ಲಿ ನಮ್ಮನೆಯವ್ರನ್ನ ಬಿಟ್ರೆ ಈ ಸೀಮೇಲಿ ಯಾರೂ ಇಲ್ಲ' ಅಂತ ಹೇಳಿ ನಕ್ಕರು."

ರಸ್ತೆಯಲ್ಲಿ ಲಾರಿಯೊಂದು ಘಟ್ಟದ ಕಡೆಗೆ ಹೋಯಿತು. ಅದರ ಸದ್ದು ಮುಗಿಯುವವರೆಗೂ ಯೋಗಾನಂದ ಕಾದ. ಆಮೇಲೆ ಕುರ್ಚಿಯೊಂದನ್ನು ರಾಜಶೇಖರನ ಕಡೆಗೆ ಎಳೆದಿಟ್ಟು, ದನಿ ತಗ್ಗಿಸಿ ಹೇಳಿದ.

"ನಿಜ ಹೇಳ್ಬುಡ್ತೀನಿ ಸಾರ್. ನನ್ ಹೆಂಡ್ತಿಗೆ ನಾನು ಏನು ಮಾರ್ತೀನಿ ಅಂತಲೂ ಸರಿಯಾಗಿ ಗೊತ್ತಿಲ್ಲ. ಅವತ್ತು ನಂಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಯ್ತು. ನೀವು ಬಂದು ಚಕ್ರದ್ದೇ ಕೊಡಿ ಅಂದಾಗ, ಗಂಡ ಹೆಂಡ್ತಿ ಮಾತಾಡ್ಕಂಡು ಬಂದವ್ರೆ, ನಂಗ್ಯಾಕೆ ಅಂತ ಸುಮ್ಕಾದೆ. ಗಾಡಿ ತಂದ್ಬುಡಿ, ಚೈನಿಂದು ಬದ್ಲಾಯಿಸಿ ಕೊಡ್ತೀನಿ."

ರಾಜಶೇಖರ ಕೂತ. ಈ ಸಲ ಬಾದಾಮಿ ಹಾಲು ಬಂತು, ಬೇಡವೆನ್ನಲು ಅವನಿಗೆ ಬಾಯಿರಲಿಲ್ಲ. ಕುಡಿದ. ರುಚಿಯಾಗಿಯೇ ಇತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಮೊದಲು ಬಂದದ್ದು ಸಂತೋಷ. ಮೈಯೆಲ್ಲ ಜುಮ್ಮೆನ್ನುವಂಥ ಸಂತೋಷ. ಹೇಳಿದಳಲ್ಲ! ಅದೇ ಮಾತು. ಇಷ್ಟು ವರ್ಷ ಅವನು ಕಾದಿದ್ದ ಮಾತು. ಅವಳು ಒಂದೊಂದನ್ನೂ ಕೇಳಿಸಿಕೊಂಡಿದ್ದಳು. ಅವನು ಹೇಳಿದ್ದನ್ನು ಅವನಿಗಿಂತ ಚೆನ್ನಾಗಿ ಏರಿಗೆ ಹೊಂದಿಸಿಕೊಂಡಿದ್ದಳು. ಮಠಸಾಗರ ದಾಟಿತು. ಇದ್ದಕ್ಕಿದ್ದಂತೆ ಆ ಸಂತೋಷದ ನಡುವೆ ಒಂದು ಮುಳ್ಳು ಚುಚ್ಚಿತು. ಹೇಳಿದ್ದು ಯಾರಿಗೆ? ನಕ್ಕದ್ದು ಯಾರ ಎದುರಿಗೆ? ಆ ಮಾತನ್ನು ಹೇಳುವಾಗ ಅವಳ ಮುಖ ಹೇಗಿತ್ತೆಂದು ನೋಡಿದವನು ಯೋಗಾನಂದ. ತನಗೆಂದು ಹುಟ್ಟಿದ ಮಾತನ್ನು ಅವನು ಕೇಳಿದ, ತಾನು ಕೇಳಲಿಲ್ಲ. ಮನೆಯ ಅಡುಗೆ ಪಕ್ಕದ ಮನೆಯವನು ಉಂಡು, ಚೆನ್ನಾಗಿತ್ತು ಎಂದು ತನಗೆ ಬಂದು ಹೇಳಿದ ಹಾಗಾಯಿತು.

ಮನೆಗೆ ಬಂದಾಗ ನೇತ್ರಾವತಿ ಹಿತ್ತಲ ಕಟ್ಟೆಯ ಮೇಲೆ ಕೂತು, ಕೈಗೆ ಎಣ್ಣೆ ಸವರಿಕೊಂಡು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು. ಹಿಟ್ಟಿನ ಚೀಲ ಹೊತ್ತು ಅವಳ ಕತ್ತು ಸೆಟೆದಿತ್ತು. ತಲೆ ತಿರುಗಿಸದೆ ಕಣ್ಣಿನಲ್ಲೇ ಅವನನ್ನು ನೋಡಿದಳು.

"ಚೈನಿಂದು ಬದ್ಲಾಯಿಸಿ ಕೊಡ್ತಾರಂತೆ" ಎಂದ ರಾಜಶೇಖರ.

"ಚೈನಿಂದು ಅಂತ ಯಾರು ಹೇಳಿದ್ರು?"

"ನಾನೇ ಹೇಳಿದ್ದಂತೆ."

ಅವಳು ಹೆಚ್ಚುತ್ತಲೇ ಇದ್ದಳು. ಅವನು ಕಟ್ಟೆಯ ತುದಿಯಲ್ಲಿ ಕೂತ.

"ತಪ್ಪಾಯ್ತು ಕಣೆ. ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಕ್ಕೆ ಬಿಟ್ರಾ?"

ಅವನು ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟ. "ಅವತ್ತು ಅವ್ರ ಹತ್ರ ನನ್ ಬಗ್ಗೆ ಏನೋ ಅಂದ್ಯಂತೆ. ಒಂದ್ಸಲ ಹೇಳೇ."

"ಅವ್ರು ಹೇಳ್ಲಿಲ್ವಾ?"

"ಹೇಳಿದ್ರು. ನಿನ್ ಬಾಯಲ್ಲಿ ಕೇಳ್ಬೇಕು."

ನೇತ್ರಾವತಿ ಚಾಕು ಕೆಳಗಿಟ್ಟಳು. "ಅವತ್ತು ಬಸ್ಸಲ್ಲಿ ದಾರಿಯುದ್ದಕ್ಕೂ ಅದೇ ಯೋಚ್ನೆ ಮಾಡ್ಕಂಡು ಬಂದೆ. ಅವ್ರ ಬಾಯಿ ಹೆಂಗೆ ಮುಚ್ಚಿಸ್ದೆ ಅಂತ ನಿಮ್ಗೆ ಹೇಳ್ಬೇಕು, ನೀವು ಹಿಗ್ಗೋದು ನೋಡ್ಬೇಕು ಅಂತ. ನಿಮ್ಮ ಎದುರಿಗೇ ಬಂದು ಕೂತೆ. ನೀವು, ಅವ್ನಿಗನ್ಸುತ್ತಾ ಅಂದ್ರಿ. ಆ ಮಾತು ಅವತ್ತೇ ಸಕಲೇಶಪುರಕ್ಕೆ ವಾಪಸ್ ಹೋಗ್ಬುಡ್ತು ಕಣ್ರೀ. ಬೇಕಾದ್ರೆ ಅವ್ರ ಹತ್ರಾನೇ ಕೇಳ್ಕಳಿ. ನೆನಪಿಟ್ಕಂಡವ್ರಲ್ಲ."

ಅಷ್ಟು ಹೇಳಿ ಹೆಚ್ಚಿದ ಕಾಯನ್ನು ನೀರಿಗೆ ಹಾಕಿಕೊಂಡು ಒಳಗೆ ಹೋದಳು.

ಊಟದ ಹೊತ್ತಿಗೆ ರಾಜಶೇಖರ ಯಾವತ್ತಿನ ಜಾಗದಲ್ಲೇ ಕೂತ. ಸುಲೋಚನಮ್ಮನ ಬಳೆ ಗಲಗಲ ಎನ್ನುತ್ತಿತ್ತು. ಅವನು ಮುದ್ದೆ ಮುರಿದು, ಗಂಟಲು ಸರಿಮಾಡಿಕೊಂಡು, "ಇವತ್ತು ಮಗ್ಗೆ ಕಡೆಯಿಂದ ಒಂದು ಮೋಟ್ರು ಬಂದಿತ್ತು ನೋಡು" ಎಂದು ಶುರು ಮಾಡಿದ.

"ಸಾರು ಆರೋಗ್ತದೆ, ಉಣ್ಣಿ" ಎಂದಳು ನೇತ್ರಾವತಿ.

ಅದೇ ಮಾತು, ಅದೇ ದನಿ. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಎಂದು ಅವನು ತಟ್ಟೆಯಿಂದ ತಲೆಯೆತ್ತಿ ಅವಳ ಮುಖವನ್ನೇ ಹುಡುಕಿದ. ಗೊತ್ತಾಗಲಿಲ್ಲ. ಸಕಲೇಶಪುರದ ಆ ಕೂದಲಿನವನಿಗಾದರೆ ಗೊತ್ತಾಗುತ್ತಿತ್ತೇನೋ ಎಂದು ಅನಿಸಿ, ಮಗ್ಗೆಯ ಮೋಟಾರನ್ನು ಅಲ್ಲಿಗೇ ಬಿಟ್ಟು ಮುದ್ದೆಯ ತುತ್ತನ್ನು ಸಾರಿಗದ್ದಿದ.